ನಿಮ್ಮ ಹೆಸರು ಯಾವ ಪುಸ್ತಕದಲ್ಲಿದೆ?

(ಮೈಸೂರಿನಲ್ಲಿ ಕನ್ನಡ ಯುವಕ ಯುವತಿಯರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು. ಸಭೆಗೆ ಬರಲಾಗದ ಓದುಗರಿಗಾಗಿ ಇಲ್ಲಿ ಅಚ್ಚು ಮಾಡಿದ್ದೇವೆ.)



ನಾನು ಭಾಷಣಕಾರನಲ್ಲ. ಪಿ.ಯು.ಸಿ. ಓದಿ ಅಚ್ಚಿನ ಕೆಲಸಕ್ಕೆ ಬಿದ್ದವನು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಸಂಘದ ಕರಪತ್ರ, ರಾಜ್ಯೋತ್ಸವದ ಭಿತ್ತಿಪತ್ರ, ಇವೇ ನನ್ನ ಅನ್ನ. ಹಾಗಿದ್ದರೂ ಗೆಳೆಯರು ಇಂದು ಒಂದು ವಿಷಯ ಕೊಟ್ಟು ನಿಲ್ಲಿಸಿದ್ದಾರೆ. ಕರೆಂಟ್ ಕಂಪನಿಯ ಕೆಲಸ ಒಳ್ಳೆಯದೋ ಕೆಟ್ಟದ್ದೋ?

ಅಚ್ಚಿನವನಿಗೆ ಕರೆಂಟಿನ ಮಾತು ಏಕೆ ಎಂದು ಕೇಳುತ್ತೀರಿ. ಕಾರಣ ಎರಡಿದೆ. ಕರೆಂಟ್ ಹೋದರೆ ನಮ್ಮ ಬೀದಿಯಲ್ಲಿ ಮೊದಲು ನಿಲ್ಲುವುದು ನನ್ನ ಯಂತ್ರ. ಎರಡನೆಯದು, ಕೆಲಸ ಹುಡುಕುವ ಹುಡುಗರು ಅಂಕಪಟ್ಟಿ ಜೆರಾಕ್ಸ್ ಮಾಡಿಸಲು ಬಂದಾಗ ನನ್ನನ್ನೇ ಕೇಳುತ್ತಾರೆ: "ಅಣ್ಣಾ, ಸೆಸ್ಕ್‌ಗೆ ಹಾಕ್ಲಾ? ಸೋಲಾರ್ ಕಂಪನಿಯವರು ಕರೀತಿದಾರೆ, ಅಲ್ಲಿಗೆ ಹೋಗ್ಲಾ?" 2024ರ ಅಕ್ಟೋಬರಿನಲ್ಲಿ ಕೆ.ಪಿ.ಟಿ.ಸಿ.ಎಲ್. ಮತ್ತು ಎಸ್ಕಾಂಗಳು 2,975 ಕಿರಿಯ ಪವರ್‌ಮ್ಯಾನ್ ಹಾಗೂ ಕಿರಿಯ ಸ್ಟೇಷನ್ ಪರಿಚಾರಕರ ಹುದ್ದೆಗೆ ಅರ್ಜಿ ಕರೆದಾಗ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಬಂದವರಲ್ಲಿ ಎಸ್.ಎಸ್.ಎಲ್.ಸಿ. ಆದವರಿದ್ದರು, ಬಿ.ಇ. ಆದವರೂ ಇದ್ದರು!

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಂಪನಿಯ ಹೆಸರು ಕೇಳಿ ಹೋಗಬೇಡಿ, ಸಂಬಳದ ಅಂಕಿ ಕೇಳಿಯೂ ಹೋಗಬೇಡಿ. "ನನ್ನ ಹೆಸರು ಯಾವ ಪುಸ್ತಕದಲ್ಲಿ ಬರೀತೀರಿ?" ಎಂದು ಕೇಳಿ ಹೋಗಿ. ಕರೆಂಟ್ ಕೆಲಸದ ಲಾಭ ನಷ್ಟವೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಹೇಗೆಂದು ವಿವರಿಸುತ್ತೇನೆ.

ಕರೆಂಟ್ ಹುಟ್ಟಿದ್ದು ನಮ್ಮ ನೆಲದಲ್ಲಿ

ಮೊದಲು ನಮ್ಮ ಮನೆಯ ಕಥೆ ನಮಗೆ ಗೊತ್ತಿರಬೇಕು. ಮೈಸೂರಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಶಿವನಸಮುದ್ರದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆ ಹುಟ್ಟಿ, 1902ರಲ್ಲಿ ಕಾವೇರಿಯ ನೀರಿನಿಂದ ಕರೆಂಟ್ ಬಂತು. ಆ ಕರೆಂಟ್ ಮೊದಲು ಹೋದದ್ದು ಎಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ತಂತಿ ನಮ್ಮ ರೈತರ ತಲೆಯ ಮೇಲೆಯೇ ಹಾದುಹೋಯಿತು, ಕೆಳಗೆ ಗುಡಿಸಲಲ್ಲಿ ಬುಡ್ಡಿದೀಪವೇ ಉರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ನಮ್ಮ ಮೈಸೂರಿಗೆ ಬಂದದ್ದು 1908ರಲ್ಲಿ.

ಇದರಲ್ಲಿ ಒಂದು ಪಾಠವಿದೆ. ಯಾರಿಗಾಗಿ ಆ ತಂತಿ ಎಳೆದರೋ ಆ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸಾವಿರಾರು ಕುಟುಂಬ ಬೀದಿಗೆ ಬಿತ್ತು. ಶಿವನಸಮುದ್ರದ ವಿದ್ಯುದಾಗಾರ ಇಂದಿಗೂ ತಿರುಗುತ್ತಿದೆ. ಚಿನ್ನ ಮುಗಿಯಿತು, ಕರೆಂಟ್ ಮುಗಿಯಲಿಲ್ಲ. ಕರೆಂಟ್ ಬೇಡ ಎನ್ನುವ ಕಾಲ ಬರುವುದಿಲ್ಲ. ಅದಕ್ಕೇ ಈ ಕೆಲಸಕ್ಕೆ ಒಂದು ಗಟ್ಟಿತನ ಇದೆ. ಆದರೆ ಕರೆಂಟ್ ಉಳಿದ ಮಾತ್ರಕ್ಕೆ ಅದರಲ್ಲಿ ದುಡಿಯುವವನೂ ಉಳಿಯುತ್ತಾನೆ ಎಂದುಕೊಳ್ಳಬೇಡಿ.

ಈಗ ಕೆ.ಇ.ಬಿ. ಎಲ್ಲಿದೆ?

ನಮ್ಮ ಅಪ್ಪಂದಿರು ಇನ್ನೂ "ಕೆ.ಇ.ಬಿ." ಎನ್ನುತ್ತಾರೆ. ಹುಡುಗರೂ "ಕೆ.ಇ.ಬಿ.ಲಿ ಕೆಲಸ ಸಿಕ್ತು" ಎನ್ನುತ್ತಾರೆ. 1957ರಲ್ಲಿ ಹುಟ್ಟಿದ ಆ ಮಂಡಳಿ 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಎಂಬ ಕಂಪನಿಯಾಯಿತು. 2002ರಲ್ಲಿ ಅದರಿಂದ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂಬ ನಾಲ್ಕು ಹಂಚಿಕೆ ಕಂಪನಿ ಒಡೆದವು. 2005ರಲ್ಲಿ ಮೆಸ್ಕಾಂನಿಂದ ಬೇರೆಯಾಗಿ ನಮ್ಮ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್ ಹುಟ್ಟಿತು. ಅದರ ಪ್ರಧಾನ ಕಚೇರಿ ನಮ್ಮ ಹಿನಕಲ್ಲಿನಲ್ಲೇ ಇದೆ. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು, ಈ ಐದು ಜಿಲ್ಲೆ ಅದರದು.

ಆದ್ದರಿಂದ "ಕರೆಂಟ್ ಕಂಪನಿ" ಎಂದಾಗ ಯಾವುದು ಎಂದು ಬಿಡಿಸಿ ಕೇಳಿ. ಕರೆಂಟ್ ತಯಾರಿಸುವುದು ಒಂದು ಕೆಲಸ. 1970ರಲ್ಲಿ ಹುಟ್ಟಿದ ನಮ್ಮ ಕೆ.ಪಿ.ಸಿ. ಇದನ್ನು ಮಾಡುತ್ತದೆ: ಶರಾವತಿ, ರಾಯಚೂರಿನ ಶಕ್ತಿನಗರ, ಬಳ್ಳಾರಿ ಇವೆಲ್ಲ ಅದರವು. ಕೈಗಾ ಅಣುಸ್ಥಾವರ ಮತ್ತು ವಿಜಯಪುರ ಜಿಲ್ಲೆಯ ಕೂಡಗಿ ಶಾಖೋತ್ಪನ್ನ ಸ್ಥಾವರ ಕೇಂದ್ರದ ಕಂಪನಿಗಳವು. ಕರೆಂಟ್ ಸಾಗಿಸುವುದು ಕೆ.ಪಿ.ಟಿ.ಸಿ.ಎಲ್., ಮನೆಗೆ ಮುಟ್ಟಿಸುವುದು ಸೆಸ್ಕ್‌ನಂಥವು. ಇವುಗಳ ಸುತ್ತ ಖಾಸಗಿಯವರಿದ್ದಾರೆ: ಸೋಲಾರ್, ಗಾಳಿಯಂತ್ರ, ಟವರ್ ನಿಲ್ಲಿಸುವವರು, ಕೇಬಲ್ ಹೂಳುವವರು, ಮೀಟರ್ ಓದಿಸುವ ಗುತ್ತಿಗೆದಾರರು. ಎಲ್ಲರೂ "ಪವರ್ ಕಂಪನಿ" ಎಂದೇ ಹೇಳಿಕೊಳ್ಳುತ್ತಾರೆ. ಆದರೆ ಒಬ್ಬೊಬ್ಬರ ಅನ್ನದ ಲೆಕ್ಕ ಒಂದೊಂದು.

ಲಾಭದ ಕಡೆ

ಲಾಭವನ್ನು ಮೊದಲು ಮನಸಾರೆ ಹೇಳೋಣ. ಸೆಸ್ಕ್‌ನಲ್ಲಾಗಲಿ ಕೆ.ಪಿ.ಟಿ.ಸಿ.ಎಲ್.ನಲ್ಲಾಗಲಿ ಕಾಯಂ ನೌಕರನಾದರೆ ತಿಂಗಳ ಸಂಬಳ ನಿಲ್ಲುವುದಿಲ್ಲ. ರಜೆ, ತುಟ್ಟಿಭತ್ಯೆ, ಬಡ್ತಿ ಎಲ್ಲ ಕಾಗದದ ಮೇಲಿದೆ. ಕಿರಿಯ ಪವರ್‌ಮ್ಯಾನ್ ಆಗಿ ಸೇರಿದವನು ಸಹಾಯಕ ಪವರ್‌ಮ್ಯಾನ್, ಪವರ್‌ಮ್ಯಾನ್, ಮೆಕ್ಯಾನಿಕ್ ಎಂದು ಮೆಟ್ಟಿಲು ಹತ್ತಬಹುದು. ಹತ್ತನೇ ತರಗತಿ ಪಾಸಾದ ರೈತನ ಮಗನಿಗೆ ಇಂಥ ಮೆಟ್ಟಿಲು ಬೇರೆ ಎಲ್ಲಿದೆ, ಹೇಳಿ?

ಕೈಯಲ್ಲಿ ಕಸುಬು ಉಳಿಯುತ್ತದೆ. ಐ.ಟಿ.ಐ. ಎಲೆಕ್ಟ್ರಿಷಿಯನ್ ಎರಡು ವರ್ಷದ ಓದು. ಅದರ ಮೇಲೆ ನಾಲ್ಕಾರು ವರ್ಷ ಸಬ್‌ಸ್ಟೇಷನ್ ನೋಡಿದವನಿಗೆ ಹೆಬ್ಬಾಳ, ಮೇಟಗಳ್ಳಿಯ ಕಾರ್ಖಾನೆಗಳಲ್ಲೂ ಬೆಲೆ ಇದೆ. ಕಂಪ್ಯೂಟರಿನ ಒಂದು ತಂತ್ರ ಐದು ವರ್ಷದಲ್ಲಿ ಹಳಸಬಹುದು. ಅರ್ಥಿಂಗ್ ಸರಿ ಮಾಡಬಲ್ಲವನ ಕೈ ಹಳಸುವುದಿಲ್ಲ.

ಒಗ್ಗಟ್ಟೂ ಇದೆ. 2023ರ ಮಾರ್ಚ್ 16ರಿಂದ ಅನಿರ್ದಿಷ್ಟ ಮುಷ್ಕರ ಎಂದು ವಿದ್ಯುತ್ ನೌಕರರು ಘೋಷಿಸಿದಾಗ, ಮುಷ್ಕರ ಶುರುವಾಗುವ ಮೊದಲೇ ಸರ್ಕಾರ ಶೇ. 20 ವೇತನ ಹೆಚ್ಚಳಕ್ಕೆ ಒಪ್ಪಿತು. ಸಾಫ್ಟ್‌ವೇರ್ ಕಂಪನಿಯಲ್ಲಿ ಒಬ್ಬನನ್ನೇ ಕೋಣೆಗೆ ಕರೆದು ರಾಜೀನಾಮೆ ಬರೆಸಿಕೊಂಡ ಸುದ್ದಿ ಕೇಳಿದವರಿಗೆ ಈ ಒಗ್ಗಟ್ಟಿನ ಬೆಲೆ ಗೊತ್ತು.

ಇನ್ನೊಂದು ಲಾಭವನ್ನು ದುಡ್ಡಿನಲ್ಲಿ ಅಳೆಯಲಾಗದು. ದಸರೆಯಲ್ಲಿ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಹತ್ತುವುದನ್ನು ನೋಡಲು ದೇಶವೇ ಬರುತ್ತದೆ. ನಗರದ ಬೀದಿ ಬೀದಿಗೆ ದೀಪದ ತೋರಣ ಕಟ್ಟುವುದು ಸೆಸ್ಕ್. ಆ ಹತ್ತು ದಿನ ಊರೆಲ್ಲ ತಲೆ ಎತ್ತಿ ದೀಪ ನೋಡುತ್ತದೆ. ಅದರ ಹಿಂದೆ ನಮ್ಮ ಹುಡುಗರ ಕೈ ಇದೆ ಎಂಬುದು ಸಣ್ಣ ಮಾತೇ? ಹಳೆಯ ಕೆ.ಇ.ಬಿ.ಯಲ್ಲಿ ಲೈನ್‌ಮ್ಯಾನ್‌ಗೆ ಕನ್ನಡದಲ್ಲಿ "ಮಾರ್ಗದಾಳು" ಎಂಬ ಹೆಸರಿತ್ತು. ಎಂಥ ಚೆಂದದ ಮಾತು! ಈಗ ಆದೇಶಗಳಲ್ಲೆಲ್ಲ "ಪವರ್‌ಮ್ಯಾನ್" ಎಂದಾಗಿದೆ. ಹೆಸರಿನಲ್ಲಿ ಪವರ್ ಸೇರಿತು, ಕೆಲಸದ ಕಷ್ಟ ಮಾತ್ರ ಹಾಗೇ ಇದೆ.

ನಷ್ಟದ ಕಡೆ

ಮೊದಲ ನಷ್ಟ ಮೈಗೆ. ಕಿರಿಯ ಪವರ್‌ಮ್ಯಾನ್ ಪರೀಕ್ಷೆಯಲ್ಲಿ 8 ಮೀಟರ್ ಕಂಬ ಹತ್ತಲೇಬೇಕು. ಓಟ, ಸ್ಕಿಪ್ಪಿಂಗ್, ಗುಂಡು ಎಸೆತ ಇವುಗಳಲ್ಲಿ ಒಂದೆರಡು ತಪ್ಪಿದರೂ ನಡೆದೀತು, ಕಂಬ ತಪ್ಪಿದರೆ ಮನೆಗೆ. ಆದರೆ ಪರೀಕ್ಷೆಯ ಕಂಬಕ್ಕೆ ಕರೆಂಟ್ ಇರುವುದಿಲ್ಲ, ಮಳೆ ಇರುವುದಿಲ್ಲ, ಕತ್ತಲೂ ಇರುವುದಿಲ್ಲ. ಆಗಸ್ಟಿನ ಮಳೆಯಲ್ಲಿ ಕೊಡಗಿನ ಕಾಫಿ ತೋಟದೊಳಗೆ ಮರ ತಂತಿಯ ಮೇಲೆ ಬಿದ್ದಿರುವಾಗ ರಾತ್ರಿ ಹನ್ನೊಂದಕ್ಕೆ ಹತ್ತುವ ಕಂಬವೇ ಬೇರೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳೇ ಕುಸಿದವು. ಅಲ್ಲಿ ಮತ್ತೆ ದೀಪ ಹತ್ತಿದ್ದು ಯಾವುದೋ ಗುಂಡಿ ಒತ್ತಿದ್ದರಿಂದಲ್ಲ, ಜನ ಹೆಗಲ ಮೇಲೆ ಸಾಮಾನು ಹೊತ್ತು ನಡೆದದ್ದರಿಂದ.

ಎರಡನೆಯದು ಹೊತ್ತಿನ ನಷ್ಟ. ಹಬ್ಬದ ದಿನವೇ ಹೆಚ್ಚು ಕೆಲಸ. ಗಣೇಶನ ಪೆಂಡಾಲು, ಊರ ಜಾತ್ರೆ, ಚುನಾವಣೆ, ಪರೀಕ್ಷೆ, ಎಲ್ಲ ಕಡೆ ಕರೆಂಟ್ ಹೋಗಬಾರದು. ಹೋದರೆ ಜನ 1912ಕ್ಕೆ ಫೋನ್ ಮಾಡಿ ಬೈಯುತ್ತಾರೆ. ಬೈಗುಳ ತಿನ್ನುವವನು ನಿಯಮ ಮಾಡಿದವನಲ್ಲ, ಕಂಬದ ಬುಡದಲ್ಲಿ ನಿಂತವನು.

ಮೂರನೆಯದು ಹೊಣೆ. 2023ರ ನವೆಂಬರಿನಲ್ಲಿ ಬೆಂಗಳೂರಿನ ಹೋಪ್ ಫಾರಂ ಬಳಿ ಕಾಲುದಾರಿಯಲ್ಲಿ ತುಂಡಾಗಿ ಬಿದ್ದಿದ್ದ ತಂತಿ ತುಳಿದು ತಾಯಿ ಮಗು ಸುಟ್ಟುಹೋದರು. ಬೆಸ್ಕಾಂನ ಇಂಜಿನಿಯರುಗಳಿಂದ ಹಿಡಿದು ಕೆಳಗಿನ ಸಿಬ್ಬಂದಿಯವರೆಗೆ ಅಮಾನತ್ತಾಯಿತು. ಆಗಲೇಬೇಕು, ಹೋದದ್ದು ಎರಡು ಜೀವ. ನಿಮ್ಮ ಕೆಲಸದಲ್ಲಿ ಒಂದು ಉದಾಸೀನ ಎಂದರೆ ಇನ್ನೊಬ್ಬರ ಮನೆಯ ಹೆಣ ಎಂಬುದನ್ನು ತಿಳಿದೇ ಸೇರಬೇಕು.

ನಾಲ್ಕನೆಯದು ಮುಪ್ಪಿನದು. "ಸರ್ಕಾರಿ ಕಂಪನಿ, ಪಿಂಚಣಿ ಬರುತ್ತೆ" ಎಂದು ಅಪ್ಪ ಹೇಳುತ್ತಾರೆ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಅಪ್ಪನ ಕಾಲದ ಪಿಂಚಣಿ ಅಲ್ಲ, ಎನ್.ಪಿ.ಎಸ್. ನಿಮ್ಮ ಸಂಬಳದಿಂದ ಹಿಡಿದ ಹಣ ಷೇರು, ಸಾಲಪತ್ರಗಳಲ್ಲಿ ಓಡಾಡಿ ಕೊನೆಗೆ ಎಷ್ಟಾಗುತ್ತದೋ ಅಷ್ಟು. ಮೇಲಾಗಿ ಖಾಸಗೀಕರಣದ ಕತ್ತಿ ಇದೆ. 2022ರ ಆಗಸ್ಟಿನಲ್ಲಿ ವಿದ್ಯುತ್ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು. ಒಂದೇ ಊರಿನಲ್ಲಿ ಹಲವು ಕಂಪನಿ ಕರೆಂಟ್ ಮಾರಲಿ ಎಂಬುದು ಅದರ ತಿರುಳು. ನೌಕರರು ದೇಶದಾದ್ಯಂತ ವಿರೋಧಿಸಿದರು, ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು. ಆದರೆ ಆ ಯೋಚನೆ ಸತ್ತಿದೆ ಎಂದು ಯಾರೂ ನಂಬಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಹೇಳುವುದು, ಕಾಯಂ ಕೆಲಸ ಸಿಕ್ಕರೆ ಹೋಗಿ. ಲಾಭದ ತಟ್ಟೆಯೇ ಭಾರ. ತೊಂದರೆ ಇರುವುದು ಬೇರೆ ಕಡೆ.

ಒಂದೇ ಕಂಬ, ಎರಡು ಪುಸ್ತಕ

ಈಗ ನನ್ನ ಕಸುಬಿನ ಮಾತು ಹೇಳುತ್ತೇನೆ. ಹಾಜರಿ ಪುಸ್ತಕ, ವೇತನ ಪುಸ್ತಕ, ವೋಚರ್ ಪುಸ್ತಕ ಇವನ್ನೆಲ್ಲ ನಾನು ಅಚ್ಚು ಹಾಕುತ್ತೇನೆ. ಅಂಕಣ ನೋಡಿದರೆ ಸಾಕು, ಅದರಲ್ಲಿ ಹೆಸರು ಬರೆಸಿಕೊಳ್ಳುವವನ ಬದುಕು ಗೊತ್ತಾಗುತ್ತದೆ. ಒಂದು ಪುಸ್ತಕದಲ್ಲಿ ಹನ್ನೆರಡು ಅಂಕಣ: ಹೆಸರು, ಹುದ್ದೆ, ಮೂಲ ವೇತನ, ತುಟ್ಟಿಭತ್ಯೆ, ಪಿ.ಎಫ್. ಸಂಖ್ಯೆ, ಇ.ಎಸ್.ಐ., ಕಡಿತ, ನಿವ್ವಳ ಹೀಗೆ. ಇನ್ನೊಂದರಲ್ಲಿ ನಾಲ್ಕೇ ಅಂಕಣ: ಹೆಸರು, ದಿನ, ಮೊತ್ತ, ಸಹಿ. ಹೆಸರು ಬೇಡ, ಒಬ್ಬ ಗುತ್ತಿಗೆದಾರರು ಹೀಗೆ ನಾಲ್ಕು ಅಂಕಣದ ಪುಸ್ತಕಕ್ಕೆ ಆರ್ಡರ್ ಕೊಡಲು ಬಂದರು. "ಪಿ.ಎಫ್. ಅಂಕಣ ಬಿಟ್ಟುಹೋಗಿದೆ ಸಾರ್" ಎಂದೆ. "ಬಿಟ್ಟುಹೋಗಿಲ್ಲ, ಬೇಡ" ಎಂದರು. ಆ ಎರಡು ಮಾತಿನಲ್ಲಿ ಎಲ್ಲ ಇದೆ!

ಕಂಬ ಒಂದೇ, ತಂತಿ ಒಂದೇ, ಹನ್ನೊಂದು ಸಾವಿರ ವೋಲ್ಟ್ ಒಂದೇ. ಮೇಲೆ ಇಬ್ಬರು ಕೆಲಸ ಮಾಡುತ್ತಿದ್ದಾರೆ. ಒಬ್ಬನ ಹೆಸರು ಹನ್ನೆರಡು ಅಂಕಣದ ಪುಸ್ತಕದಲ್ಲಿ, ಇನ್ನೊಬ್ಬನದು ನಾಲ್ಕು ಅಂಕಣದಲ್ಲಿ. ಕರೆಂಟ್ ಹೊಡೆದಾಗ ಅದು ಗುರುತಿನ ಚೀಟಿ ನೋಡುವುದಿಲ್ಲ. ಆದರೆ ಆಮೇಲೆ ಆಸ್ಪತ್ರೆಗೆ ಯಾರು ಸೇರಿಸಬೇಕು, ಹೆಂಡತಿ ಮಕ್ಕಳಿಗೆ ಯಾರು ಕೊಡಬೇಕು ಎಂಬ ಪ್ರಶ್ನೆ ಬಂದಾಗ ಮೊದಲು ತೆರೆಯುವುದು ಆ ಪುಸ್ತಕವನ್ನೇ.

ಕಾಯಂ ಕೆಲಸಕ್ಕೆ ಸೇರಿದವರಿಗೂ ಪವರ್‌ಮ್ಯಾನ್ ಹುದ್ದೆಯಲ್ಲಿ ಮೊದಲ ಮೂರು ವರ್ಷ ತರಬೇತಿ ಅವಧಿ, ಆಗ ನಿಗದಿತ ಭತ್ಯೆ ಮಾತ್ರ. ಅದು ಪರವಾಗಿಲ್ಲ, ಮುಂದೆ ದಾರಿ ಇದೆ. ಗುತ್ತಿಗೆಯವನಿಗೆ ಮೂರು ವರ್ಷವಾದ ಮೇಲೆ ಏನಿದೆ? ಟೆಂಡರ್ ಬದಲಾದರೆ ಯಜಮಾನ ಬದಲಾಗುತ್ತಾನೆ, ಇವನ ಅನುಭವ ಮತ್ತೆ ಸೊನ್ನೆಯಿಂದ. ಹಳ್ಳಿಗಳಲ್ಲಿ ಮೀಟರ್ ಓದಿ ಬಿಲ್ ವಸೂಲಿ ಮಾಡುತ್ತಿದ್ದ ಗ್ರಾಮ ವಿದ್ಯುತ್ ಪ್ರತಿನಿಧಿಗಳನ್ನು ನೆನೆಸಿಕೊಳ್ಳಿ. ಊರಿಗೆ ಅವರೇ "ಕರೆಂಟಿನವರು". ಕಂಪನಿಯ ನೌಕರರ ಪಟ್ಟಿಯಲ್ಲಿ ಮಾತ್ರ ಅವರು ಇರಲಿಲ್ಲ.

ಹೊಸ ಕರೆಂಟ್, ಹಳೆಯ ಲೆಕ್ಕ

ಈಗ ಎಲ್ಲರ ಬಾಯಲ್ಲೂ ಸೋಲಾರ್. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಆಗಿದೆ. ರೈತರ ಜಮೀನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದರು. ಮಳೆಯಿಲ್ಲದ ನಾಡಿನಲ್ಲಿ ಜಮೀನಿದ್ದವನಿಗೆ ಇದು ದೊಡ್ಡ ಆಸರೆ, ಒಪ್ಪಲೇಬೇಕು. ಆದರೆ ಜಮೀನಿಲ್ಲದೆ ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ? ಪಾರ್ಕ್ ಕಟ್ಟುವಾಗ ನೂರಾರು ಕೈ ಬೇಕು. ಕಟ್ಟಿ ಮುಗಿದ ಮೇಲೆ ಬಿಸಿಲು ತನ್ನಷ್ಟಕ್ಕೆ ದುಡಿಯುತ್ತದೆ. ಉಳಿಯುವುದು ಫಲಕ ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು. ಅವೂ ಬಹುಪಾಲು ಗುತ್ತಿಗೆಯಲ್ಲಿ.

ಸೋಲಾರ್ ಕೆಲಸ ಬೇಡ ಎನ್ನುತ್ತಿಲ್ಲ. ಮೈಸೂರಿನಲ್ಲೇ ಮನೆ ಮಾಳಿಗೆಗೆ ಫಲಕ ಕೂರಿಸುವ ಚಿಕ್ಕ ಚಿಕ್ಕ ಅಂಗಡಿಗಳಿವೆ. ಅಲ್ಲಿ ಎರಡು ವರ್ಷ ಕಲಿತು ಸ್ವಂತ ಕೆಲಸ ಹಿಡಿಯಬಹುದು. ಆದರೆ "ಹಸಿರು ಕೆಲಸ, ನಾಳೆಯ ಕೆಲಸ" ಎಂಬ ಬಣ್ಣದ ಕಾಗದ ನೋಡಿ ಮರುಳಾಗಬೇಡಿ. ಬಣ್ಣದ ಕಾಗದ ಎಷ್ಟು ಬೇಕಾದರೂ ಅಚ್ಚು ಹಾಕಬಹುದು, ಅದು ನನಗೆ ಚೆನ್ನಾಗಿ ಗೊತ್ತು! ಕಟ್ಟುವ ಕೆಲಸವೋ ನಡೆಸುವ ಕೆಲಸವೋ ಕೇಳಿ. ಕಟ್ಟುವ ಕೆಲಸ ಎಂದಾದರೆ ಒಂದು ದಿನ ಮುಗಿಯುತ್ತದೆ.

ದೊಡ್ಡ ಸ್ಥಾವರಗಳೂ ಹಾಗೇ, ಅಲ್ಲಿ ಕೀರ್ತಿಯೂ ಇದೆ ಅಪಾಯವೂ ಇದೆ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತು. ಅದೇ ಕೈಗಾದಲ್ಲಿ 2009ರಲ್ಲಿ ಕಾರ್ಮಿಕರು ಕುಡಿಯುವ ನೀರಿಗೆ ವಿಕಿರಣದ ಟ್ರಿಷಿಯಂ ಬೆರೆತ ಪ್ರಕರಣವೂ ಆಯಿತು. 2020ರ ಅಕ್ಟೋಬರ್ 2ರಂದು ಯಲಹಂಕದ ಅನಿಲ ವಿದ್ಯುತ್ ಸ್ಥಾವರದಲ್ಲಿ ಬೆಂಕಿ ಬಿದ್ದು ಇಂಜಿನಿಯರುಗಳೂ ಸೇರಿ 15 ಮಂದಿ ಗಾಯಗೊಂಡರು. ಟೌನ್‌ಶಿಪ್, ಶಾಲೆ, ಆಸ್ಪತ್ರೆ ನೋಡಿ ಸಂತೋಷಪಡಿ, ಜೊತೆಗೆ ತಪಾಸಣೆ ಯಾರು ಮಾಡುತ್ತಾರೆ ಎಂದೂ ಕೇಳಿ.

ಕನ್ನಡ ಇಲ್ಲಿ ಜೀವದ ಪ್ರಶ್ನೆ

ನಮ್ಮ ಪತ್ರಿಕೆ ಕನ್ನಡದ ಪತ್ರಿಕೆ. ಕರೆಂಟ್ ಕೆಲಸಕ್ಕೂ ಕನ್ನಡಕ್ಕೂ ಏನು ಸಂಬಂಧ ಎಂದು ಯಾರಾದರೂ ಮೂಗು ಮುರಿದರೆ "ಎಲ್.ಸಿ." ಎಂದರೇನೆಂದು ಅವರಿಗೆ ಹೇಳಿ.

ಎಲ್.ಸಿ. ಎಂದರೆ ಲೈನ್ ಕ್ಲಿಯರ್. ಕಂಬ ಹತ್ತುವವನು ಮೊದಲು ಸಬ್‌ಸ್ಟೇಷನ್ನಿಗೆ ಕೇಳುತ್ತಾನೆ: ಈ ಫೀಡರ್ ಬಂದ್ ಮಾಡಿ. ಅಲ್ಲಿರುವವನು ಬಂದ್ ಮಾಡಿ, ಪುಸ್ತಕದಲ್ಲಿ ಬರೆದು, ಒಂದು ಸಂಖ್ಯೆ ಕೊಡುತ್ತಾನೆ. ಇವನು ತಂತಿಯಲ್ಲಿ ಕರೆಂಟ್ ಇಲ್ಲವೆಂದು ಪರೀಕ್ಷಿಸಿ, ಎರಡೂ ಕಡೆ ಅರ್ಥ್ ರಾಡ್ ಹಾಕಿ, ಬೆಲ್ಟ್ ಬಿಗಿದು ಹತ್ತಬೇಕು. ಕೆಲಸ ಮುಗಿದು ಎಲ್ಲರೂ ಇಳಿದ ಮೇಲೆ ಎಲ್.ಸಿ. ತೆಗೆದುಕೊಂಡವನೇ ಅದನ್ನು ಹಿಂದಿರುಗಿಸಬೇಕು. ಇಡೀ ವ್ಯವಸ್ಥೆ ನಿಂತಿರುವುದು ಇಬ್ಬರ ನಡುವಿನ ನಾಲ್ಕು ಮಾತಿನ ಮೇಲೆ. ಒಂದು ಊರಿನ ಹೆಸರು ತಪ್ಪು ಕೇಳಿಸಿದರೆ, "ಆಯ್ತು" ಎಂಬುದು "ಮುಗಿಯಿತು" ಎಂದು ಅರ್ಥವಾದರೆ, ಮೇಲಿರುವವನು ಕೆಳಗೆ ಬರುವುದು ಹೆಣವಾಗಿ. ಆ ನಾಲ್ಕು ಮಾತು ಇಬ್ಬರಿಗೂ ತಾಯಿ ಹಾಲಿನಷ್ಟು ಸಲೀಸಾದ ಭಾಷೆಯಲ್ಲಿ ಇರಬೇಕಲ್ಲವೇ?

ಅದಕ್ಕೇ ನಾನು ಹೇಳುವುದು, ಸುರಕ್ಷತೆಯ ಕೈಪಿಡಿ ಕನ್ನಡದಲ್ಲಿ ಬೇಕು, ಎಚ್ಚರಿಕೆಯ ಫಲಕ ಕನ್ನಡದಲ್ಲಿ ಬೇಕು, ತರಬೇತಿ ಕನ್ನಡದಲ್ಲಿ ಬೇಕು. ಇದರಲ್ಲಿ ಅಭಿಮಾನಕ್ಕಿಂತ ಪ್ರಾಣದ ಮಾತು ಹೆಚ್ಚು. ಬಿಹಾರದಿಂದ, ಜಾರ್ಖಂಡಿನಿಂದ ಬಂದು ಟವರ್ ಹತ್ತುವ ಹುಡುಗನೂ ಒಬ್ಬ ತಾಯಿಯ ಮಗನೇ. ಅವನಿಗೂ ಅವನ ಭಾಷೆಯಲ್ಲಿ ಹೇಳಲಿ, ಜೊತೆಗೆ ಕೆಲಸದ ಕನ್ನಡ ಕಲಿಸಲಿ. ನಮ್ಮ ಜಗಳ ಅವನ ಮೇಲಲ್ಲ.

ನೇಮಕದ ಮಾತಿಗೆ ಬರೋಣ. ರಾಜ್ಯದ ವಿದ್ಯುತ್ ಕಂಪನಿಗಳಲ್ಲಿ ಕನ್ನಡ ಬಲ್ಲವರಾಗಿರಬೇಕೆಂಬ ಷರತ್ತಿದೆ. ಕೇಂದ್ರದ ಕಂಪನಿಗಳ ಪರೀಕ್ಷೆ ಬಹುಪಾಲು ಇಂಗ್ಲಿಷ್ ಹಿಂದಿಯಲ್ಲಿ. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಅಂತಿಮ ವರದಿ ಕೊಟ್ಟಿತು, ಅದರಲ್ಲಿ 58 ಶಿಫಾರಸು. ಕೇಂದ್ರದ ಉದ್ಯಮಗಳಲ್ಲಿ ಕೆಳಗಿನ ಸಿ ಮತ್ತು ಡಿ ದರ್ಜೆಯ ಕೆಲಸವೆಲ್ಲ ಕನ್ನಡಿಗರಿಗೆ ಎಂದಿತ್ತು. ಅಲ್ಲಿಂದ ಎಷ್ಟು ಸರ್ಕಾರ ಬಂತು, ಎಷ್ಟು ಹೋಯಿತು! 2021ರಲ್ಲಿ ಮಂಗಳೂರಿನ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣ ಕಂಪನಿಯ ನೇಮಕದಲ್ಲಿ ನಮ್ಮವರು ಬೆರಳೆಣಿಕೆ ಎಂದು ಕರಾವಳಿಯಲ್ಲಿ ಕೂಗೆದ್ದಿತು. 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಉದ್ಯೋಗದಲ್ಲಿ ಮೀಸಲು ಕೊಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿ, ಉದ್ಯಮಿಗಳು ಗದರಿದ ಕೂಡಲೇ ತಡೆಹಿಡಿಯಿತು. ನಮ್ಮ ನೀರು, ನಮ್ಮ ನೆಲ, ನಮ್ಮ ಬಿಸಿಲು, ನಮ್ಮ ಗಾಳಿ ಕೊಟ್ಟು ಕರೆಂಟ್ ಹುಟ್ಟಿಸುತ್ತೇವೆ. ಕೆಲಸ ಕೇಳಿದರೆ ಕಾನೂನು ಸಿದ್ಧವಿಲ್ಲ ಎನ್ನುತ್ತಾರೆ. ಇದಕ್ಕೆ ಕೂಗಲೇಬೇಕು, ಕೂಗೋಣ.

ಆದರೆ ಕೂಗಿನ ಜೊತೆ ಒಂದು ಎಚ್ಚರಿಕೆ. "ಸ್ಥಳೀಯರಿಗೆ ಕೆಲಸ ಕೊಟ್ಟಿದ್ದೇವೆ" ಎಂದು ಕಂಪನಿ ಲೆಕ್ಕ ತೋರಿಸಿದಾಗ ಯಾವ ಪುಸ್ತಕದ ಲೆಕ್ಕ ಎಂದು ಕೇಳಿ. ನೂರು ಕನ್ನಡಿಗರು ನಾಲ್ಕು ಅಂಕಣದ ಪುಸ್ತಕದಲ್ಲಿದ್ದರೆ ಅದು ಉದ್ಯೋಗವಲ್ಲ, ಅಗ್ಗದ ಕೂಲಿ.

ಕೇಳಬೇಕಾದ ಪ್ರಶ್ನೆಗಳು

ಬರೆದಿಟ್ಟುಕೊಳ್ಳಿ. ಯಾವ ಕರೆಂಟ್ ಕಂಪನಿಗೆ ಹೋದರೂ ಸಹಿ ಹಾಕುವ ಮೊದಲು ಇವನ್ನು ಕೇಳಿ.

ಒಂದು: ನೇಮಕ ಪತ್ರ ಕೊಡುತ್ತೀರಾ? ಅದರ ಮೇಲೆ ಯಾರ ಹೆಸರಿದೆ, ಕಂಪನಿಯದೋ ಗುತ್ತಿಗೆದಾರನದೋ? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕ ಪತ್ರ ಕೊಡಲೇಬೇಕು. ಅದು ದಾನವಲ್ಲ, ನಿಮ್ಮ ಹಕ್ಕು.

ಎರಡು: ಪಿ.ಎಫ್. ಸಂಖ್ಯೆ ಎಲ್ಲಿ? ಹಣ ಜಮೆಯಾಗುತ್ತಿದೆಯೇ ಎಂದು ತಿಂಗಳು ತಿಂಗಳೂ ಮೊಬೈಲಿನಲ್ಲೇ ನೋಡಿಕೊಳ್ಳಬಹುದು.

ಮೂರು: ಸಂಬಳ 21,000 ರೂಪಾಯಿಯೊಳಗಿದ್ದರೆ ಇ.ಎಸ್.ಐ. ಕಾರ್ಡ್ ಎಲ್ಲಿ? ನಿಮ್ಮಿಂದ ಹಿಡಿಯುವುದು ಸಂಬಳದ ಶೇ. 0.75, ಮಾಲೀಕ ಸೇರಿಸುವುದು ಶೇ. 3.25. ಕೈ ಸುಟ್ಟಾಗ ಆಸ್ಪತ್ರೆಯ ಬಾಗಿಲು ತೆಗೆಸುವುದು ಆ ಕಾರ್ಡ್.

ನಾಲ್ಕು: ಕೈಗವಸು, ಬೆಲ್ಟ್, ಹೆಲ್ಮೆಟ್, ಅರ್ಥ್ ರಾಡ್, ಟೆಸ್ಟರ್ ಯಾರು ಕೊಡುತ್ತಾರೆ? "ನೀವೇ ತಂದುಕೊಳ್ಳಿ" ಎಂದರೆ ನಮಸ್ಕಾರ ಹೇಳಿ ಹೊರಟುಬನ್ನಿ.

ಐದು: ಎಲ್.ಸಿ. ಯಾರ ಹೆಸರಿನಲ್ಲಿ ತೆಗೆದುಕೊಳ್ಳುತ್ತಾರೆ? ಎಲ್.ಸಿ. ಸಿಗುವ ಮುಂಚೆ "ಹತ್ತೋ, ಏನಾಗಲ್ಲ" ಎನ್ನುವ ಮೇಲಿನವನ ಮಾತು ಕೇಳಬೇಡಿ. ಹತ್ತದಿದ್ದರೆ ಹೋಗುವುದು ಒಂದು ದಿನದ ಕೂಲಿ.

ಆರು: ಗುತ್ತಿಗೆದಾರ ಕೂಲಿ ಕೊಡದಿದ್ದರೆ ಯಾರು ಕೊಡಬೇಕು? ಕಾನೂನಿನಂತೆ ಕೆಲಸ ಮಾಡಿಸಿಕೊಂಡ ಮೂಲ ಕಂಪನಿಯೇ ಕೊಡಬೇಕು. ಬಹಳ ಹುಡುಗರಿಗೆ ಇದು ಗೊತ್ತಿಲ್ಲ. ಗೊತ್ತಿಲ್ಲದವನ ಕೂಲಿಯೇ ಮೊದಲು ಮುಳುಗುವುದು.

ಕೊನೆಯ ಒಂದು ಮಾತು ದಲ್ಲಾಳಿಗಳ ಬಗ್ಗೆ. "ಒಳಗೆ ಜನ ಇದ್ದಾರೆ, ಇಷ್ಟು ಕೊಟ್ಟರೆ ಕೆಲಸ ಗ್ಯಾರಂಟಿ" ಎನ್ನುವವನನ್ನು ಹೊಸ್ತಿಲಿನಾಚೆಯೇ ನಿಲ್ಲಿಸಿ. 2022ರ ಆಗಸ್ಟ್ 7ರಂದು ನಡೆದ ಕೆ.ಪಿ.ಟಿ.ಸಿ.ಎಲ್. ಕಿರಿಯ ಸಹಾಯಕರ ಪರೀಕ್ಷೆಯಲ್ಲಿ ಗೋಕಾಕದಲ್ಲಿ ಎಲೆಕ್ಟ್ರಾನಿಕ್ ಉಪಕರಣ ಬಳಸಿ ನಕಲು ಮಾಡಿದ ಪ್ರಕರಣ ಬಯಲಾಗಿ ಅನೇಕರು ಜೈಲು ಕಂಡರು. ಅಪ್ಪ ಜಮೀನು ಅಡವಿಟ್ಟು ತಂದ ಹಣ ಹೋಯಿತು, ಮಗನ ಹೆಸರು ಬರೆದದ್ದು ಪೊಲೀಸರ ಪುಸ್ತಕದಲ್ಲಿ!

ಕೆಲಸಕ್ಕೆ ಹೋಗದವರಿಗೂ ಒಂದು ಕೆಲಸ

ನಿಮ್ಮಲ್ಲಿ ಎಲ್ಲರೂ ಕರೆಂಟ್ ಕೆಲಸಕ್ಕೆ ಹೋಗುವುದಿಲ್ಲ. ಆದರೆ ಎಲ್ಲರ ಮನೆ ಅಂಗಡಿಗೂ ಕರೆಂಟ್ ಬರುತ್ತದೆ. ನನ್ನಂತೆ ಜನರೇಟರ್ ಇಟ್ಟುಕೊಂಡವರು ಕೇಳಿಸಿಕೊಳ್ಳಿ. ಚೇಂಜ್ ಓವರ್ ಸ್ವಿಚ್ ಸರಿಯಾಗಿಲ್ಲದಿದ್ದರೆ ನಮ್ಮ ಜನರೇಟರಿನ ಕರೆಂಟ್ ಹಿಂದಕ್ಕೆ ಹರಿದು ಬೀದಿಯ ಟ್ರಾನ್ಸ್‌ಫಾರ್ಮರ್ ಸೇರುತ್ತದೆ. ಹನ್ನೊಂದು ಸಾವಿರ ವೋಲ್ಟನ್ನು ಇಳಿಸುವ ಅದೇ ಟ್ರಾನ್ಸ್‌ಫಾರ್ಮರ್ ಉಲ್ಟಾ ದಿಕ್ಕಿನಲ್ಲಿ ನಮ್ಮ ಇನ್ನೂರಮೂವತ್ತನ್ನು ಹನ್ನೊಂದು ಸಾವಿರಕ್ಕೆ ಏರಿಸುತ್ತದೆ. ಬಂದ್ ಆಗಿದೆ ಎಂದು ನಂಬಿ ಮೇಲೆ ಕೂತವನಿಗೆ ಅದು ಹೊಡೆಯುತ್ತದೆ. ಒಂದು ಸ್ವಿಚ್ಚಿನ ಖರ್ಚು ಉಳಿಸಲು ಹೋಗಿ ಒಬ್ಬ ಮಾರ್ಗದಾಳುವಿನ ಹೆಂಡತಿಯ ಕುಂಕುಮ ಅಳಿಸಬೇಡಿ. ನಾಳೆಯೇ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕರೆಸಿ ತೋರಿಸಿ.

ಸಂಘದ ಗೆಳೆಯರಿಗೆ ನನ್ನದೊಂದು ಬಿನ್ನಹ. ನಾನು ಹೇಳಿದ ಈ ಆರು ಪ್ರಶ್ನೆಗಳನ್ನು ಅಂಗೈ ಅಗಲದ ಕಾರ್ಡಿನಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಕೊಡುತ್ತೇನೆ. ಕಾಗದದ ಖರ್ಚೂ ನನ್ನದೇ. ಐ.ಟಿ.ಐ.ಗಳ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ, ಸೆಸ್ಕ್ ನೇಮಕದ ಮೈದಾನದ ಹೊರಗೆ ಹಂಚುವುದು ನಿಮ್ಮದು. ನೇಮಕ ಪತ್ರ ಕೈಗೆ ಬಂದು ಅದರ ಇಂಗ್ಲಿಷ್ ಅರ್ಥವಾಗದ ಹುಡುಗರಿದ್ದರೆ ಸಂಘದ ಕಚೇರಿಗೆ ಕರೆತನ್ನಿ. ಕೂತು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳೋಣ. ಸಹಿ ಹಾಕುವುದು ಆಮೇಲೆ.



ಸಿರಿಗನ್ನಡಂ ಗೆಲ್ಗೆ! ಜೈ ಕರ್ನಾಟಕ!